“ಆಗಿಬರುವುದಿಲ್ಲ” ಎಂದವರನ್ನು ಕುಳಿತು ಕೇಳಿದೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. “ಯಾವುದಾದರೂ ಮದ್ದಿನ ಅಲರ್ಜಿ ಇದೆಯಾ?” ಎಂದು ಕೇಳುವುದು, ಇದೆ ಎಂದರೆ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ “ಪೆನಿಸಿಲಿನ್ ಅಲರ್ಜಿ” ಎಂದು ಬರೆಯುವುದು. ವರ್ಷಗಟ್ಟಲೆ ನಾನು ಮಾಡಿದ್ದು ಇಷ್ಟೇ. ಮುಂದಿನ ಸಲ ಅವರು ಬಂದಾಗ ಇನ್ನೊಬ್ಬರು ಅದನ್ನೇ ನಕಲು ಮಾಡುತ್ತಾರೆ. ಏನಾಗಿತ್ತು, ಯಾವಾಗ ಆಯಿತು, ಯಾರು ನೋಡಿದರು ಎಂಬುದು ಎಲ್ಲಿಯೂ ಇರುವುದಿಲ್ಲ.

ಪೆರ್ಲ ಕಡೆಯ ಅಜ್ಜಿಯೊಬ್ಬರು ಬಂದರು. ಕಾಲು ಮೊಣಕಾಲಿನವರೆಗೆ ಕೆಂಪಗೆ ಬಾತಿತ್ತು, ಜ್ವರ ಬೇರೆ. “ನನಗೆ ಪೆನ್ಸಿಲಿನ್ ಆಗಿಬರುವುದಿಲ್ಲ ಮಗಳೇ” ಎಂದರು. ಅಂದು ವಾರ್ಡಿನಲ್ಲಿ ಗದ್ದಲ ಕಡಿಮೆ, ಸ್ಟೂಲ್ ಎಳೆದುಕೊಂಡು ಕುಳಿತೆ. ಇಸವಿ ಕೇಳಿದರೆ ನಮ್ಮ ಹಿರಿಯರಿಗೆ ಹೇಳಲಾಗುವುದಿಲ್ಲ. ಯಾವ ಮಗುವಿನ ಬಾಣಂತನದ ಹೊತ್ತಿಗೆ ಎಂದರೆ ತಟ್ಟನೆ ಹೇಳುತ್ತಾರೆ. ಎರಡನೇ ಮಗ ಹುಟ್ಟಿದಾಗಂತೆ. ಆ ಮಗನಿಗೆ ಈಗ 40. “ಮೈಮೇಲೆ ಗಂಧೆ ಎದ್ದಿತ್ತಾ ಅಜ್ಜಿ? ತುಟಿ, ರೆಪ್ಪೆ ಬಾತಿತ್ತಾ? ಉಸಿರು ಕಟ್ಟಿತ್ತಾ?” ಒಂದೂ ಇಲ್ಲ. ಎರಡು ದಿನ ವಾಂತಿ, ಭೇದಿ. ಅದು ಮದ್ದಿನ ಅಡ್ಡಪರಿಣಾಮ, ಅಲರ್ಜಿಯಲ್ಲ.

ಮನೆಯ ಮದ್ದಿನ ಡಬ್ಬಿ ತರಲು ಸೊಸೆಗೆ ಹೇಳಿದೆ. ಸಂಜೆಗೆ ಬಿಸ್ಕೆಟ್ ಡಬ್ಬಿ ಬಂತು. ತಳದಲ್ಲಿ, ಒಂದೇ ಕ್ಯಾಪ್ಸೂಲ್ ಉಳಿದಿದ್ದ ಅಮಾಕ್ಸಿಸಿಲಿನ್ ಸ್ಟ್ರಿಪ್. ಹಿಂದಿನ ವರ್ಷ ಹಲ್ಲು ಕೀಳಿಸಿದಾಗ ನುಂಗಿದ್ದರು, ಏನೂ ಆಗಿರಲಿಲ್ಲ. ಅದೂ ಪೆನಿಸಿಲಿನ್ ಬಳಗದ್ದೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಅಜ್ಜಿಯನ್ನು ಮತ್ತೊಮ್ಮೆ ಕೇಳಿ, ಕೆಂಪು ಶಾಯಿಯ ಮೇಲೆ ಗೆರೆ ಎಳೆದು, ಕಾರಣ ಬರೆದು ಸಹಿ ಹಾಕಿದರು.

ಪೆನಿಸಿಲಿನ್ ಅಲರ್ಜಿ ಎನ್ನುವ 100 ಮಂದಿಯನ್ನು ಪರೀಕ್ಷಿಸಿದರೆ ಸುಮಾರು 90 ಮಂದಿಗೆ ಆ ಮದ್ದು ಒಗ್ಗುತ್ತದೆ. ನಿಜವಾಗಿ ಇದ್ದವರಲ್ಲೂ 10 ವರ್ಷ ಕಳೆಯುವಾಗ ಶೇ. 80ರಷ್ಟು ಮಂದಿಗೆ ಅದು ಹೋಗಿರುತ್ತದೆ. ಹಣೆಪಟ್ಟಿ ಮಾತ್ರ ಹೋಗುವುದಿಲ್ಲ. ಅದರಿಂದಾಗಿ ಅವರಿಗೆ ದುಬಾರಿಯ, ಅನಗತ್ಯವಾಗಿ ಬಲವಾದ ಆಂಟಿಬಯೋಟಿಕ್ ಹೋಗುತ್ತದೆ.

ಎಲ್ಲವನ್ನೂ ಹೀಗೆ ಅಳಿಸಲಾಗದು. ಕುಂಬಳೆಯ ಹುಡುಗನೊಬ್ಬನಿಗೆ ಸಲ್ಫಾ ಮಾತ್ರೆಯಿಂದ ಬಾಯೆಲ್ಲ ಹುಣ್ಣಾಗಿ, ಚರ್ಮ ಸುಲಿದಿತ್ತು. ಅಂಥವರಿಗೆ ಆ ಮದ್ದಿನ ಟೆಸ್ಟ್ ಡೋಸ್, ಅಂದರೆ ಒಗ್ಗುತ್ತದೆಯೇ ಎಂದು ನೋಡಲು ಕೊಡುವ ಸಣ್ಣ ಪ್ರಮಾಣ ಕೂಡ ಕೊಡಬಾರದು. ಅವನ ಶೀಟಿನಲ್ಲಿ ಮಾತ್ರೆಯ ಹೆಸರಿನ ಜೊತೆ “ಎಂದಿಗೂ ಬೇಡ” ಎಂದೇ ಇದೆ.

ಈಗ ನಾನು ಬರೆಯುವುದು ಹೀಗೆ: “ಅಮಾಕ್ಸಿಸಿಲಿನ್, ಮೂರನೇ ದಿನ, ತುರಿಕೆಯಿಲ್ಲದ ಕೆಂಪು ಕಲೆ, ಅಡ್ಮಿಟ್ ಆಗಿಲ್ಲ, ತಾಯಿ ಹೇಳಿದ್ದು.” ನಮ್ಮವರು ಇಂದು ಇಲ್ಲಿ, ನಾಳೆ ಮಂಗಳೂರಿನಲ್ಲಿ, ನಮ್ಮ ಶೀಟು ಅವರ ಜೊತೆ ಗಡಿ ದಾಟುವುದಿಲ್ಲ. ಆದ್ದರಿಂದ ಡಾಕ್ಟರ ಸಹಿ ಇರುವ ಚೀಟಿಯೊಂದನ್ನು ಕೈಗೇ ಕೊಡುತ್ತೇವೆ. ಅಜ್ಜಿಯ ಚೀಟಿಯನ್ನು ಸೊಸೆಗೆ ಎರಡು ಸಲ ಓದಿ ಹೇಳಿದೆ. ಅವರು ಅದನ್ನು ಮಡಚಿ ರೇಷನ್ ಕಾರ್ಡಿನೊಳಗೆ ಇಟ್ಟುಕೊಂಡರು.