"ನಮ್ಮಜ್ಜಿ ನರಕಕ್ಕೆ ಹೋಗ್ತಾಳಾ ಟೀಚರ್?" ಅಂದರೆ ಏನು ಹೇಳಬೇಕು

ಬಳ್ಳಾರಿಯಲ್ಲಿ ಸಂಡೇ ಸ್ಕೂಲ್ ನಡೆಸುವವರಿಗೆ ಈ ಪ್ರಶ್ನೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಅಪ್ಪ-ಅಮ್ಮ ಭಾನುವಾರ ಚರ್ಚಿಗೆ, ಅಜ್ಜಿ ಮಂಗಳವಾರ ದುರ್ಗಮ್ಮನ ಗುಡಿಗೆ. ಇಂಥ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೊದಲ ಸಲ ಕೇಳಿದ ಹುಡುಗನಿಗೆ ನಾನು ಬೈಬಲಿನ ಯೋಹಾನ 3:18 ತೆಗೆದು, ನಂಬದವನಿಗೆ ಆಗಲೇ ತೀರ್ಪಾಗಿದೆ ಎನ್ನುವ ಮಾತು ಓದಿಬಿಟ್ಟೆ. ಮುಂದಿನ ವಾರ ಅವನ ತಾಯಿ ಬಂದು, "ಅಕ್ಕಾ, ಹುಡುಗ ಅಜ್ಜಿ ಕೈತುತ್ತು ಬ್ಯಾಡ ಅಂತಾನ್ರೀ" ಅಂದಳು.

ಹಾಗಾಗಿ ಮೊದಲು, ಅಜ್ಜಿ ಇದ್ದಾಳೋ ತೀರಿಕೊಂಡಿದ್ದಾಳೋ ಕೇಳಿ. ತೀರಿಕೊಂಡಿದ್ದರೆ ಆವತ್ತು ಬೈಬಲ್ ವಚನ ಬೇಡ. ಅಜ್ಜಿ ಏನೇನು ಮಾಡಿ ಉಣ್ಣಿಸುತ್ತಿದ್ದಳು, ಅದನ್ನು ಮಾತಾಡಿಸಿ.

ಆಮೇಲೆ ಒಂದು ಹಾಳೆ ಕೊಟ್ಟು ನರಕದ ಚಿತ್ರ ಬರೆಸಿ. ಕೋಣ, ಯಮ, ಕುದಿಯುವ ಎಣ್ಣೆ ಕೊಪ್ಪರಿಗೆ ಬರುತ್ತವೆ! ಬೈಬಲಿನಲ್ಲಿ ಇವು ಯಾವುವೂ ಇಲ್ಲ. ಕನ್ನಡದ 'ನರಕ' ಎಂಬ ಪದದ ಬೆನ್ನು ಹತ್ತಿ ಬಂದವು. ಯೇಸು ಆಡಿದ ಮಾತು 'ಗೆಹೆನ್ನ'. ಅದು ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯ ಹೆಸರು. ಹಿಂದೆ ಅಲ್ಲಿ ಮಕ್ಕಳನ್ನೇ ಬೆಂಕಿಗೆ ಬಲಿ ಕೊಟ್ಟಿದ್ದನ್ನು ಪ್ರವಾದಿ ಯೆರೆಮೀಯ ಖಂಡಿಸುತ್ತಾನೆ. ಇಷ್ಟು ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ದೊಡ್ಡ ಹುಡುಗರಿಗೆ ಮುಚ್ಚುಮರೆ ಬೇಡ. ಮತ್ತಾಯ 25:46 'ನಿತ್ಯದಂಡನೆ' ಎನ್ನುತ್ತದೆ, 1 ತಿಮೊಥೆಯ 2:4 ಎಲ್ಲರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಇಚ್ಛೆ ಎನ್ನುತ್ತದೆ. ಎರಡನ್ನೂ ಓದಿಸಿ. ದಂಡನೆಗೆ ಕೊನೆಯಿಲ್ಲ ಎಂಬುದು ಹಳೆಯ, ಬಹುಪಾಲು ಕ್ರೈಸ್ತ ಸಭೆಗಳ ಬೋಧನೆ. ದುಷ್ಟರು ನರಳುತ್ತ ಇರುವುದಿಲ್ಲ, ಇಲ್ಲವಾಗುತ್ತಾರೆ ಎನ್ನುವವರಿದ್ದಾರೆ. ಕಡೆಗೆ ಎಲ್ಲರೂ ದೇವರ ಬಳಿಗೆ ಮರಳುತ್ತಾರೆಂದು 3ನೇ ಶತಮಾನದಲ್ಲೇ ಆದಿಸಭೆಯ ಪಂಡಿತ ಒರಿಗೆನ್ ಆಶಿಸಿದ್ದ. ತಮ್ಮ ತಪ್ಪಿಲ್ಲದೆ ಯೇಸುವಿನ ಸುವಾರ್ತೆ ಅರಿಯದೆ, ಮನಸ್ಸಿಟ್ಟು ದೇವರನ್ನು ಹುಡುಕುವವರಿಗೂ ರಕ್ಷಣೆ ಸಾಧ್ಯ ಎಂದು 1964ರಲ್ಲಿ ಕಥೋಲಿಕರ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತು. ಯಾರ ಅಜ್ಜಿಗೂ ನೀವು ತೀರ್ಪು ಬರೆಯಬೇಡಿ, ಸ್ವರ್ಗದ ಚೀಟಿಯನ್ನೂ ಹರಿದು ಕೊಡಬೇಡಿ. 'ದೇವರು ಪ್ರೀತಿಸ್ವರೂಪಿ' ಎಂದು ಗೋಡೆಗೆ ಬರೆಸಿದ ಮೇಲೆ ಬೆಂಕಿ ತೋರಿಸಿ ಮಕ್ಕಳನ್ನು ಕೂರಿಸುವುದಂತೂ ನನಗೆ ಒಗ್ಗುವುದಿಲ್ಲ.

ಯಾರಾದರೂ ಚುರುಕಿನ ಹುಡುಗಿ, "ಹಂಗಾರ ನಾವ್ಯಾಕ ಚರ್ಚಿಗೆ ಬರಬೇಕು?" ಅಂತಾಳೆ. ಲೂಕ 15 ತೆಗೆಯಿರಿ. ಆಸ್ತಿ ಹಾಳುಮಾಡಿ ಮನೆಗೆ ಮರಳಿದ, ತಂದೆ ಔತಣ ಮಾಡಿಸಿ ಸೇರಿಸಿಕೊಂಡ ತಪ್ಪಿಹೋದ ಮಗನದ್ದು ಎಲ್ಲರಿಗೂ ಗೊತ್ತು. ನೀವು ಮನೆಯಲ್ಲೇ ಇದ್ದು ದುಡಿದ ಅವನ ಅಣ್ಣನ ಕಥೆ ಹೇಳಿ. ಅವನದೂ ಇದೇ ಸಿಟ್ಟು, ಬಾಗಿಲ ಹೊರಗೇ ನಿಂತ. ತಂದೆ ಅವನನ್ನು ಕರೆಯಲೂ ಎದ್ದು ಬಂದ. ಅಲ್ಲಿಗೇ ನಿಲ್ಲಿಸಿ. ಅವನು ಒಳಗೆ ಹೋದನೋ ಇಲ್ಲವೋ ಲೂಕನೂ ಬರೆದಿಲ್ಲ.