ಬಂಡೆಯ ಕಪ್ಪು, ಪಂಚೆಯ ಬಿಳುಪು

ಎಂಟು ವರ್ಷ ಜೇಬಿನಲ್ಲಿ ಹಿಡಿಸುವಂಥ ಪುಟ್ಟ ಕ್ಯಾಮೆರಾದಲ್ಲಿಯೇ ಚಿತ್ರ ತೆಗೆಯುತ್ತಿದ್ದ ನಾನು ಹೋದ ವರ್ಷ ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ ಕೊಂಡೆ. ಮೊದಲ ಭಾನುವಾರವೇ ಅಪ್ಪನನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿ, ಕಪ್ಪಗಿನ ಹೆಬ್ಬಂಡೆಯೊಂದರ ಮುಂದೆ ಕೂರಿಸಿ, ಕ್ಯಾಮೆರಾವನ್ನು ಆಟೋ ಮೋಡಿನಲ್ಲಿಟ್ಟು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಬಂಡೆ ಬೂದಿ ಬಳಿದಂತೆ ತಿಳಿಯಾಗಿತ್ತು. ಅಪ್ಪನ ಪಂಚೆಯ ನೆರಿಗೆಯಾಗಲಿ ಅಂಚಾಗಲಿ ಉಳಿಯದೆ ಅಲ್ಲೊಂದು ಬಿಳಿಯ ತೇಪೆ ಮಾತ್ರ ಇತ್ತು. ಅದೇ ವಾರ ಅಂಗಳದಲ್ಲಿ ಸುರಿದಿದ್ದ ಹತ್ತಿಯನ್ನು ತೆಗೆದಾಗ ಇದಕ್ಕೆ ತದ್ವಿರುದ್ಧವಾಗಿ, ಬೆಳ್ಳನೆಯ ಹತ್ತಿ ಮಳೆಗೆ ನೆನೆದು ಕಂದಿದ ಹಾಗೆ ಬಂತು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮೀಟರಿನ ಸ್ವಭಾವ ತಿಳಿಯಿತು. ಎದುರಿಗಿರುವುದು ಬಂಡೆಯೋ ಹತ್ತಿಯೋ ಎಂಬುದು ಅದಕ್ಕೆ ಗೊತ್ತಿಲ್ಲ. ಯಾವುದನ್ನೇ ಆಗಲಿ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ಹಿಂದಿರುಗಿಸುವ ನಡುಬೂದು ಬಣ್ಣದ ವಸ್ತುವೆಂದು ಭಾವಿಸಿಯೇ ಅದು ಲೆಕ್ಕ ಹಾಕುತ್ತದೆ. ಆದ್ದರಿಂದ ಕಪ್ಪು ಹೆಚ್ಚಿರುವಲ್ಲಿ ಬೆಳಕನ್ನು ಕಡಿಮೆ ಮಾಡುವುದೂ, ಬಿಳುಪು ಹೆಚ್ಚಿರುವಲ್ಲಿ ಜಾಸ್ತಿ ಮಾಡುವುದೂ ನಮ್ಮದೇ ಕೆಲಸ.

ಆಮೇಲೆ ಒಂದು ತಿಂಗಳು, ಎಲ್ಲವನ್ನೂ ನಾವೇ ಹೊಂದಿಸಬೇಕಾದ ಮ್ಯಾನುಯಲ್ ಮೋಡ್ ಬಿಟ್ಟು ಕದಲಲಿಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ರಂಧ್ರ) ಎಫ್ 8 ಎಂದು ಕಟ್ಟಿಹಾಕಿ ಶಟರ್ ವೇಗವನ್ನಷ್ಟೇ, ಅಂದರೆ ಬೆಳಕನ್ನು ಒಳಬಿಡುವ ಹೊತ್ತನ್ನಷ್ಟೇ ಬದಲಾಯಿಸುತ್ತಿದ್ದೆ. ನಮ್ಮೂರಿನ ನಡುಹಗಲ ಬಿಸಿಲಿಗೆ 1/800 ಸೆಕೆಂಡು ಸರಿಹೋಗುತ್ತಿತ್ತು. ಅದೇ ಹೊಂದಿಕೆಯಲ್ಲಿ ಒನಕೆ ಓಬವ್ವನ ಕಿಂಡಿಯ ಸಂದಿಗೆ ಇಳಿದಾಗ ಪರದೆಯಲ್ಲಿ ಬರೀ ಕತ್ತಲೆ ಕಂಡಿತು. ವೇಗವನ್ನು 400, 200, 100, 50 ಎಂದು ಅರ್ಧರ್ಧ ಇಳಿಸುತ್ತಾ 1/25ಕ್ಕೆ ಬಂದಾಗ ಕಲ್ಲಿನ ಮೈ ಕಾಣಿಸಿತು. ಒಂದೊಂದು ಇಳಿತಕ್ಕೂ ಬೆಳಕು ಇಮ್ಮಡಿಯಾಗುತ್ತದೆ, ಅದೇ ಒಂದು ಸ್ಟಾಪ್. ಹೊರಗಿನ ಬಿಸಿಲಿಗೂ ಕಿಂಡಿಯ ನೆರಳಿಗೂ ಐದು ಸ್ಟಾಪ್ ಅಂತರವಿದೆ ಎಂಬುದನ್ನು ಹಾಗೆ ಕೈಯಾರೆ ಎಣಿಸಿದೆ. ಆದರೆ 1/25ರಲ್ಲಿ ಕೈ ಅಲುಗಿ ಚಿತ್ರ ಮಸುಕಾಯಿತು. ಅಪರ್ಚರನ್ನು ಎಫ್ 4ಕ್ಕೆ ತಂದೆ. ಈ ಅಂಕಿ ಲೆನ್ಸಿನ ನಾಭಿದೂರವನ್ನು ಆ ರಂಧ್ರದ ವ್ಯಾಸದಿಂದ ಭಾಗಿಸಿದಾಗ ಸಿಗುವಂಥದ್ದು; ಆದ್ದರಿಂದಲೇ ಅಂಕಿ ಅರ್ಧವಾದರೆ ವ್ಯಾಸ ಇಮ್ಮಡಿಯಾಗಿ, ಒಳಬರುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಹೀಗೆ ಎರಡು ಸ್ಟಾಪ್ ದಕ್ಕಿದ್ದರಿಂದ ವೇಗವನ್ನು 1/100ಕ್ಕೆ ಏರಿಸಿದೆ, ಕಲ್ಲಿನ ಮೇಲಿನ ಉಳಿಯ ಗುರುತುಗಳೂ ಸ್ಪಷ್ಟವಾಗಿ ಬಂದವು.

ಚಿತ್ರದಲ್ಲಿ ಕಪ್ಪೆಷ್ಟು, ಬಿಳುಪೆಷ್ಟು ಎಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮನ್ನು ನೋಡುವುದಂತೂ ಈಗ ರೂಢಿಯಾಗಿದೆ. ಅದರ ಬಲತುದಿಗೆ ಗೆರೆ ಗೋಡೆಗೆ ಒತ್ತಿದಂತೆ ನಿಂತಿದ್ದರೆ ಆ ಬಿಳುಪಿನ ವಿವರ ಕಳೆದುಹೋಗಿದೆ ಎಂದೇ ಅರ್ಥ. ನೆರಳಿನ ಕಡೆಯದನ್ನು ಕಂಪ್ಯೂಟರಿನಲ್ಲಿ ಸ್ವಲ್ಪಮಟ್ಟಿಗೆ ಎತ್ತಬಹುದು, ಇದನ್ನು ಮರಳಿ ತರಲಾಗದು. ಮೊನ್ನೆ ಅದೇ ಬಂಡೆಯ ಮುಂದೆ ಅಪ್ಪನನ್ನು ಮತ್ತೆ ಕೂರಿಸಿ, ಮೀಟರ್ ಹೇಳಿದ್ದಕ್ಕಿಂತ ಒಂದೂಕಾಲು ಸ್ಟಾಪಿನಷ್ಟು ಕಡಿಮೆ ಬೆಳಕಿಗೆ ಚಿತ್ರ ತೆಗೆದೆ. ಬಂಡೆ ಕಪ್ಪಾಗಿಯೇ ಇದೆ, ಪಂಚೆಯ ಹಸಿರಂಚೂ ಅದರ ಮೇಲಿನ ನೆರಿಗೆಗಳೂ ಒಂದೊಂದಾಗಿ ಎಣಿಸುವಂತೆ ಬಂದಿವೆ.