ನೂರು ಕಿಲೋ ದಾಟಿದವನ ಹಿಂದಿನ ಗಾಲಿ

ನನ್ನ ತೂಕ 108 ಕೆಜಿ. ಓಡಿಸೋದು ರೋಡ್ ಬೈಕ್, ಅಂದರೆ ಸಣ್ಣ ಟೈರಿನ ಹಗುರ ಸೈಕಲ್. ಈ ಎರಡು ಮಾತು ಒಟ್ಟಿಗೆ ಬಾಯಿಂದ ಬಂದರೆ ಸಾಕು, ಎದುರಿಗಿದ್ದವರು ಸಲಹೆ ಕೊಡೋಕೆ ಶುರು ಮಾಡುತ್ತಾರೆ. ಧಾರವಾಡದ ನಮ್ಮ ಮಾವನವರಂತೂ "ಅಳಿಯಂದ್ರ, ಗಾಲಿ ಆಮ್ಯಾಲೆ ಬದಲಿ ಮಾಡೋಣಂತ್ರಿ, ಮೊದ್ಲು ಮಿರ್ಚಿ ಗಿರಮಿಟ್ ಬಿಡ್ರಿ" ಅಂದರು. ತೂಕ ಇಳಿದರೆ ಒಳ್ಳೆಯದೇ. ಆದರೆ ಅದು ಇಳಿಯೋವರೆಗೂ ಸೈಕಲ್ ಓಡಬೇಕಲ್ಲ?

ಸೈಕಲ್ ಜತೆ ಬಂದಿದ್ದ ಗಾಲಿಗಳಲ್ಲಿ ಮುಂದೆ 20 ಸ್ಪೋಕ್, ಹಿಂದೆ 24. ನೋಡೋಕೆ ಚೆಂದ, ಎತ್ತಿದರೆ ಹಗುರ. ಹಿಂದಿನದರಲ್ಲಿ ಸ್ಪೋಕ್ ಮುರಿಯತೊಡಗಿತು. ಒಂದು ಹಾಕಿಸಿದರೆ ಸ್ವಲ್ಪ ದಿನಕ್ಕೆ ಪಕ್ಕದ್ದು ಹೋಗುತ್ತಿತ್ತು. ಅದೂ ಪ್ರತಿ ಸಲ ಗಾಲಿಯ ನಡುವಿನ ಗುಂಬ, ಅಂದರೆ ಹಬ್ಬಿನ ಹತ್ತಿರ, ಸ್ಪೋಕ್ ಬಾಗಿರುವ ಮೊಣಕೈ ಜಾಗದಲ್ಲೇ. 24ರಲ್ಲಿ ಒಂದು ಹೋದರೂ ರಿಮ್ ಎಷ್ಟು ಓಲುತ್ತದೆ ಅಂದರೆ ಬ್ರೇಕ್ ಶೂಗೆ ಉಜ್ಜಿ ಗಾಲಿ ನಿಂತೇ ಬಿಡುತ್ತದೆ. ಬ್ರೇಕ್ ಬಿಚ್ಚಿಕೊಂಡು ಹುಬ್ಬಳ್ಳಿಯ ಉಣಕಲ್ಲಿನಿಂದ ಮನೆವರೆಗೆ ತಳ್ಳಿಕೊಂಡು ಬಂದಿದ್ದೂ ಉಂಟು.

ಗುಂಡಿಗೆ ಬಿದ್ದಾಗ ಸ್ಪೋಕ್ ಮುರಿಯುತ್ತದೆ ಅಂತ ಜನ ತಿಳಿದಿರುತ್ತಾರೆ. ಗುಂಡಿ ಕೊನೇ ಏಟು ಅಷ್ಟೇ. ಸ್ಪೋಕ್ ಯಾವಾಗಲೂ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಗಾಲಿ ತಿರುಗುತ್ತಾ ಅದು ನೆಲದ ಕಡೆಗೆ ಬಂದಾಗ ಬಿಗಿ ಸ್ವಲ್ಪ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. ನಮ್ಮ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್ ಅಂತ ಹಿಡಿದರೆ ಒಂದು ದಾರಿಗೇ ಸುಮಾರು 9,500 ಸುತ್ತು. ಅಷ್ಟೂ ಸಲ ಪ್ರತಿ ಸ್ಪೋಕ್ ಸಡಿಲಾಗಿ ಬಿಗಿಯಾಗುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಒಂದು ಹೊತ್ತಿಗೆ ಪಟ್ ಅನ್ನುತ್ತದಲ್ಲ, ಹಾಗೇ ಇದು. ಸವಾರ ಭಾರ ಇದ್ದಷ್ಟೂ, ಸ್ಪೋಕ್ ಕಡಿಮೆ ಇದ್ದಷ್ಟೂ ಪ್ರತಿ ಸುತ್ತಿನ ಏರಿಳಿತ ದೊಡ್ಡದು.

ಹಿಂದಿನ ಗಾಲಿಗೆ ಇನ್ನೊಂದು ಕಷ್ಟ ಇದೆ. ಒಟ್ಟು ಭಾರದ ಹೆಚ್ಚು ಪಾಲು, ಸುಮಾರು ಶೇ. 60, ಅದರ ಮೇಲೇ. ಜತೆಗೆ ಬಲಗಡೆ ಗೇರಿನ ಹಲ್ಲುಚಕ್ರಗಳು ಜಾಗ ತಿನ್ನುವುದರಿಂದ ಆ ಕಡೆಯ ಸ್ಪೋಕ್ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತವೆ, ಎಡಗಡೆಯವು ಓರೆಯಾಗಿ. ರಿಮ್ ನಡುವೆ ನಿಲ್ಲಬೇಕಾದರೆ ಎಡಗಡೆಯ ಬಿಗಿ ಬಲಗಡೆಯ ಅರ್ಧದಷ್ಟು, ಸ್ವಲ್ಪ ಹೆಚ್ಚು ಅಂದರೂ ಅಷ್ಟೇ, ಇರೋಕೆ ಸಾಧ್ಯ. ಮಷೀನಿನಲ್ಲಿ ಕಟ್ಟಿದ ಅಗ್ಗದ ಗಾಲಿಯಲ್ಲಿ ಬಲಗಡೆಯೇ ಸಡಿಲ ಇರುತ್ತದೆ. ಇನ್ನು ಎಡಗಡೆ ಕೇಳಬೇಡಿ. ನನ್ನಂಥವರು ಕೂತರೆ ಅವು ಪೂರ್ತಿ ಸಡಿಲಾಗಿ, ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್, ಅಂದರೆ ನಿಪ್ಪಲ್, ತಾನಾಗಿ ತಿರುಗಿ ಬಿಚ್ಚಿಕೊಳ್ಳುತ್ತದೆ.

ನಮ್ಮ ಕಡೆ ರಸ್ತೆ ಬಗ್ಗೆಯೂ ಒಂದು ಮಾತು. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ, ನವಲಗುಂದ ಕಡೆ ಹೋದರೆ ಎರೆ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಡಾಂಬರೂ ಅದರ ಜತೆಗೇ ಏಳುತ್ತದೆ, ಕುಸಿಯುತ್ತದೆ. ದೂರದಿಂದ ನುಣ್ಣಗೆ ಕಾಣುವ ರಸ್ತೆ ಹತ್ತಿರ ಹೋದರೆ ಅಲೆ ಅಲೆ. ಧಾರವಾಡದಿಂದ ಅಳ್ನಾವರ ಕಡೆ ಮಳೆ ಜಾಸ್ತಿ, ಗುಂಡಿಯಲ್ಲಿ ನೀರು ನಿಂತಿದ್ದರೆ ಆಳ ಗೊತ್ತಾಗೋದಿಲ್ಲ. ಯುರೋಪಿನ ರಸ್ತೆ ನೋಡಿ ಬರೆದ ಗಾಲಿ ವಿಮರ್ಶೆಗಳನ್ನು ನಾನು ಈಗ ಸುಮ್ನೆ ಖುಷಿಗೆ ಓದುತ್ತೇನೆ.

ದಾರಿ ತೋರಿಸಿದ್ದು ಹುಬ್ಬಳ್ಳಿಯ ಹಳೇ ಸೈಕಲ್ ಅಂಗಡಿಯ ಕಾಕಾ. ಅವರು ಜನ್ಮವಿಡೀ ಕಟ್ಟಿದ್ದು ದೊಡ್ಡ ಕರಿ ಸೈಕಲ್‌ಗಳ ಗಾಲಿ. ನನ್ನದನ್ನು ತಿರುಗಿಸಿ ನೋಡಿ ನಕ್ಕರು. "ಸರ್ರ, ಹಾಲಿನವ್ರ ಸೈಕಲ್ ಹಿಂದಿನ ಗಾಲಿಯೊಳಗ ಎಷ್ಟು ಕಡ್ಡಿ ಅದಾವು, ಒಮ್ಮೆ ಎಣಸ್ರಿ." ಎಣಿಸಿದೆ. 40. ಮುಂದೆ 32. ಎರಡೂ ಕಡೆ ಹಾಲಿನ ಕ್ಯಾನ್ ತೂಗುಹಾಕಿಕೊಂಡು ಓಡುವ ಸೈಕಲ್ಲಿಗೆ ಭಾರ ಎಲ್ಲಿ ಬೀಳುತ್ತದೆ ಅನ್ನೋದು ಗೊತ್ತಿದ್ದವರು ಮಾಡಿದ ಲೆಕ್ಕ ಅದು.

ಆದರೆ ಅದೇ ರಿಮ್ ನಮಗೆ ಆಗೋದಿಲ್ಲ. ಕರಿ ಸೈಕಲ್ಲಿನ 28 ಇಂಚಿನ ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ಅಡ್ಡಳತೆ 635 ಮಿಮೀ, ರೋಡ್ ಬೈಕಿನ 700ಸಿ ರಿಮ್ಮಿನದು 622. ಅಂಗಡಿಯಲ್ಲಿ ಎರಡಕ್ಕೂ 28 ಅಂದುಬಿಡುತ್ತಾರೆ, ಹುಷಾರು.

ಕೊನೆಗೆ ಹಿಂದಿನ ಗಾಲಿಗೆ ನಾನು ಆರಿಸಿದ್ದು 36 ತೂತಿನ ಶಿಮಾನೊ ಟಿಯಾಗ್ರಾ ಹಬ್. ಒಳಗೆ ಬೇರಿಂಗಿನ ಬಿಡಿ ಗುಂಡುಗಳು, ಒಂದೊಂದು ಕಡೆ ಒಂಬತ್ತು, ಕಾಲು ಇಂಚಿನವು. ಯಾವ ಊರಿನಲ್ಲಾದರೂ ಬಿಚ್ಚಿ, ತೊಳೆದು, ಗ್ರೀಸ್ ತುಂಬಬಹುದು. ರಿಮ್ ಎರಡು ಗೋಡೆಯ ಸಾದಾ ಅಲ್ಯುಮಿನಿಯಂ, ತೂಕ 500 ಗ್ರಾಂ ಮೇಲೇ. ಹುಬ್ಬಳ್ಳಿಯಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಿದೆ. ನಿಪ್ಪಲ್ ಹಿತ್ತಾಳೆಯದು. ಅಲ್ಯುಮಿನಿಯಂ ನಿಪ್ಪಲ್ ಕೆಲವು ಗ್ರಾಂ ಉಳಿಸುತ್ತದೆ. 108 ಕೆಜಿ ಮನುಷ್ಯನಿಗೆ ಆ ಉಳಿತಾಯ ಯಾತಕ್ಕೆ?

ಸ್ಪೋಕ್ ಮಾತ್ರ ಕಾಕಾಗೆ ಒಪ್ಪಿಸೋಕೆ ಹೊತ್ತು ಹಿಡಿಯಿತು. ನಾನು ತಂದಿದ್ದು ಸ್ಟೇನ್‌ಲೆಸ್ ಸ್ಟೀಲಿನವು. ಎರಡು ತುದಿಯಲ್ಲಿ 2 ಮಿಮೀ, ನಡುವೆ 1.8. "ನಡುವ ಸಣ್ಣ ಐತಲ್ರೀ, ಇದು ಹೆಂಗ ತಡಿತೈತಿ?" ಅಂದರು. ಸಣ್ಣಗಿರುವ ನಡುಭಾಗ ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಏಟನ್ನು ತಾನು ತಿಂದು ಮೊಣಕೈಯನ್ನು ಉಳಿಸುತ್ತದೆ, ನೆಲದ ಕಡೆ ಬಂದಾಗ ಪೂರ್ತಿ ಸಡಿಲಾಗೋದೂ ಇಲ್ಲ. ಭಾರದವರಿಗೆ ದಪ್ಪ ಸ್ಪೋಕೇ ಗಟ್ಟಿ ಅನ್ನೋದು ಕೇಳೋಕೆ ಸರಿ ಅನ್ನಿಸುತ್ತದೆ. ಒಂದೇ ದಪ್ಪದ ಅಗ್ಗದ ಸ್ಪೋಕೇ ಬೇಗ ಮುರಿಯೋದನ್ನು ನಾನು ಕಂಡಿದ್ದೇನೆ.

ಇನ್ನು ಕಟ್ಟುವುದು. ಅಸಲು ಕೆಲಸ ಇದೇ. ಕಾಕಾ ಮೂರು ಕ್ರಾಸ್ ಹಾಕಿ, ಅಂದರೆ ಪ್ರತಿ ಸ್ಪೋಕ್ ಬೇರೆ ಮೂರು ಸ್ಪೋಕ್‌ಗಳನ್ನು ದಾಟುವ ಹಾಗೆ, ಹೆಣೆದರು. ನಿಪ್ಪಲ್ ಎಳೆಗೆ ಒಂದೊಂದು ಹನಿ ಎಣ್ಣೆ. ಸ್ಪೋಕ್ ಕೀ ತಿರುಗಿಸುವಾಗ ಸ್ಪೋಕ್ ತಾನೂ ಹೊರಳುತ್ತದೆ. ಅದಕ್ಕೆ ಬೇಕಾದ್ದಕ್ಕಿಂತ ಕಾಲು ಸುತ್ತು ಮುಂದೆ ಹೋಗಿ ಅಷ್ಟೇ ಹಿಂದೆ ಬರಬೇಕು. ಆಮೇಲೆ ಜೋಡಿ ಸ್ಪೋಕ್‌ಗಳನ್ನು ಮುಷ್ಟಿಯಲ್ಲಿ ಹಿಡಿದು ಜೋರಾಗಿ ಹಿಂಡುತ್ತಾ ಇಡೀ ಗಾಲಿ ಸುತ್ತಿದೆವು. ಟಿಣ್ ಟಿಣ್ ಅಂತ ಸದ್ದು ಬರುತ್ತದೆ, ಗಾಲಿ ಮತ್ತೆ ಓಲುತ್ತದೆ, ಮತ್ತೆ ಬೆಂಡ್ ತೆಗೆಯಬೇಕು. ಹಿಂಡಿದರೂ ಓಲದೆ ನಿಲ್ಲುವವರೆಗೆ ಬಿಡಬಾರದು. ಮೊಣಕೈ ಹಬ್ಬಿನ ಅಂಚಿಗೆ ಸರಿಯಾಗಿ ಕೂರೋದು, ಲೋಹದಲ್ಲಿ ಉಳಿದ ಒತ್ತಡ ಇಳಿಯೋದು ಈ ಹಿಂಡುವಿಕೆಯಲ್ಲೇ. ಅಗ್ಗದ ಗಾಲಿಯಲ್ಲಿ ಬಿಟ್ಟುಹೋಗೋದೂ ಇದೇ.

ಬಿಗಿ ಅಳೆಯೋಕೆ ಗೆಳೆಯನೊಬ್ಬನ ಪಾರ್ಕ್ ಟೂಲ್ ಮೀಟರ್ ತಂದಿದ್ದೆ. ಒಂದೊಂದು ಸ್ಪೋಕಿನ ಬಿಗಿಗೆ ರಿಮ್ ಕಂಪನಿ ಕೊಟ್ಟ ಮಿತಿ 120 ಕೆಜಿ. ಬಲಗಡೆ 115ರ ಆಸುಪಾಸು ತಂದೆವು, ಎಡಗಡೆ 65ರ ಹತ್ತಿರ ಬಂತು. ಅದಕ್ಕಿಂತ ಮುಖ್ಯ, ಒಂದೇ ಕಡೆಯ ಸ್ಪೋಕ್‌ಗಳೆಲ್ಲ ಒಂದೇ ಸಮ ಇರೋದು. ಅದಕ್ಕೆ ಮೀಟರ್ ಬೇಕಿಲ್ಲ, ಕಿವಿ ಸಾಕು. ಉದ್ದ, ದಪ್ಪ ಒಂದೇ ಆದ್ದರಿಂದ ಬಿಗಿ ಸಮ ಇದ್ದರೆ ಮೀಟಿದಾಗ ಸ್ವರವೂ ಒಂದೇ ಬರುತ್ತದೆ. ಧಾರವಾಡದಲ್ಲಿ ತಂಬೂರಿ ಶ್ರುತಿ ಮಾಡೋರಿಗೆ ಬರ ಇಲ್ಲ. ನನ್ನ ಕಿವಿ ಆ ಪೈಕಿ ಅಲ್ಲ, ಮೊಬೈಲಿನ ಟ್ಯೂನರ್ ಆ್ಯಪ್ ಇಟ್ಟುಕೊಂಡೆ. ಕಾಕಾ ಅದನ್ನು ನೋಡಲೇ ಇಲ್ಲ. ಮೀಟಿ, ಕೇಳಿ, ಎಂಟನೇ ಒಂದು ಸುತ್ತು ತಿರುಗಿಸಿ ಮುಂದೆ ಹೋದರು. ಆ್ಯಪ್ ಅವರು ಹೇಳಿದ್ದನ್ನೇ ಹೇಳುತ್ತಿತ್ತು.

ಕಾರ್ಬನ್ ಗಾಲಿ ಆಸೆ ಇರೋರು ಮೊದಲು ತೂಕದ ಮಿತಿ ಓದಿ. ಕೆಲವರು ಸವಾರನ ತೂಕ ಹೇಳುತ್ತಾರೆ, ಕೆಲವರು ಎಲ್ಲ ಸೇರಿಸಿ ಹೇಳುತ್ತಾರೆ. ಗಾಲಿ ಕಂಪನಿ ಮ್ಯಾವಿಕ್ ತನ್ನ ಹಲವು ರೋಡ್ ಗಾಲಿಗಳಿಗೆ ಸೈಕಲ್ ಸೇರಿ 120 ಕೆಜಿ ದಾಟಬೇಡಿ ಅನ್ನುತ್ತದೆ. ನಾನು 108, ಸೈಕಲ್ 10, ನೀರು, ಬ್ಯಾಗು, ಬೀಗ ಸೇರಿದರೆ ಅಲ್ಲಿಗೆ ಮುಗಿಯಿತು. ಡಿಸ್ಕ್ ಬ್ರೇಕ್ ಸೈಕಲ್ ಇದ್ದರೆ ಮುಂದಿನ ಗಾಲಿಯಲ್ಲೂ ಸ್ಪೋಕ್ ಉಳಿಸೋಕೆ ಹೋಗಬೇಡಿ. ಬ್ರೇಕಿನ ಬಲ ಹಬ್ಬಿನಿಂದ ರಿಮ್ಮಿಗೆ ಹೋಗೋದು ಸ್ಪೋಕ್ ಮೂಲಕವೇ. ನಮ್ಮ ತೂಕಕ್ಕೆ 32 ಇರಲಿ. ನನ್ನದು ರಿಮ್ ಬ್ರೇಕ್. ಮುಂದಿನ 20 ಸ್ಪೋಕಿನ ಗಾಲಿ ಇದುವರೆಗೆ ತಂಟೆ ಮಾಡಿಲ್ಲ, ಹಾಗಾಗಿ ದುಡ್ಡೆಲ್ಲ ಹಿಂದಿನದಕ್ಕೇ ಹಾಕಿದೆ.

ಟೈರಿನ ಅಗಲ 25 ಮಿಮೀಯಿಂದ 28ಕ್ಕೆ ಹೋದೆ. ನನ್ನ ಬ್ರೇಕಿನ ಕೆಳಗೆ ಅದಕ್ಕಿಂತ ದಪ್ಪದ್ದು ಹಿಡಿಸೋದಿಲ್ಲ. ಹಿಂದೆ 95, ಮುಂದೆ 80 ಪಿಎಸ್‌ಐ. ಗಾಳಿ ಕಡಿಮೆ ಇದ್ದರೆ ಗುಂಡಿಯ ಅಂಚಿಗೆ ಟ್ಯೂಬ್ ಕಚ್ಚಿಕೊಂಡು ಪಂಕ್ಚರ್, ರಿಮ್ಮಿಗೂ ಏಟು.

ಹೊಸ ಗಾಲಿಯನ್ನು ಸ್ವಲ್ಪ ಓಡಿಸಿದ ಮೇಲೆ ಒಮ್ಮೆ ತೋರಿಸಿದೆ. ಕಾಕಾ ಮೂರ್ನಾಲ್ಕು ನಿಪ್ಪಲ್ ಮುಟ್ಟಿದರು, ಅಷ್ಟೇ. ಹಿಂದಿನ ಗಾಲಿಯಲ್ಲಿ ಬಲ ಎಡ ಸ್ಪೋಕಿನ ಉದ್ದ ಬೇರೆ, ಒಂದೆರಡು ಮಿಲಿಮೀಟರಿನಷ್ಟು ವ್ಯತ್ಯಾಸ. ಎರಡೂ ಅಳತೆಯ ಒಂದೊಂದು ಸ್ಪೋಕ್ ಮತ್ತು ಎರಡು ನಿಪ್ಪಲ್ಲನ್ನು ಚೈನ್ ಪಕ್ಕದ ಕೊಳವೆಗೆ ಟೇಪ್ ಸುತ್ತಿ ಇಟ್ಟಿದ್ದೇನೆ. ಅಳತೆಯನ್ನು ಟೇಪ್ ಮೇಲೇ ಪೆನ್ನಿನಲ್ಲಿ ಬರೆದಿದ್ದೇನೆ, ಯಾಕೆಂದರೆ ಅಣ್ಣಿಗೇರಿಯ ಪಂಕ್ಚರ್ ಅಂಗಡಿಯವರು ಕೇಳುವ ಮೊದಲ ಪ್ರಶ್ನೆಯೇ ಅದು.